ಹಸಿರು ಮುದ್ದೆಯ ಪಾರ್ವತಮ್ಮ

ಕೊಬ್ಬರಿ ಕೊಳ್ಳುವವರ ಕಣ್ಣಲ್ಲಿ ನೋಡಿದರೆ ದಂಡಿಗನಹಳ್ಳಿಯ ಪಾರ್ವತಮ್ಮ ಒಂದನೇ ದರ್ಜೆಯ ಮಾಲು. ಐವತ್ತೆಂಟು ವರ್ಷ ಒಣಗಿದ ಗಟ್ಟಿ ಕಾಯಿ. ತೂಕ ಕಮ್ಮಿ, ಸದ್ದು ಜಾಸ್ತಿ. ಒಂದೇ ಐಬು, ಇತ್ತೀಚೆಗೆ ಬಿಳಿಚಿಕೊಂಡಿದ್ದಳು. ಕೊಬ್ಬರಿ ಬೆಳ್ಳಗಿದ್ದರೆ ಬೆಲೆ ಏರುತ್ತದೆ, ಹೆಂಗಸು ಬೆಳ್ಳಗಾದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಆಕೆಯ ಹೆಸರೆಲ್ಲ ಇದ್ದದ್ದು ತೋಳಿನಲ್ಲಿ. ಹೋಬಳಿಯಲ್ಲಿ ಯಾರ ಮನೆಯ ಬೀಗರೂಟವಾದರೂ ಮುದ್ದೆ ತೊಳಸಲು ಪಾರ್ವತಮ್ಮನೇ ಬರಬೇಕು. ಸೆರಗು ಬಿಗಿದು, ಹಂಡೆಗೆ ಕೋಲು ಹಾಕಿ, ಒಂದು ಗಂಟೂ ಇಲ್ಲದಂತೆ ಆಕೆ ತೊಳಸುವಾಗ ಗಂಡಸರು ದೂರ ನಿಂತು ಸಲಹೆ ಕೊಡುತ್ತಿದ್ದರು. ಈಗ ಮನೆಯ ನಾಲ್ಕು ಮುದ್ದೆಗೇ ಏದುಸಿರು. ಅದೇ ಊರಿನ ಪುಟ್ಟರಾಜುವಿನ ಮಗಳ ಬೀಗರೂಟಕ್ಕೆ ಹದಿನೈದೇ ದಿನ ಉಳಿದಿತ್ತು. ಹಾಸನದಿಂದ ಅಡುಗೆ ಕಂಟ್ರಾಕ್ಟಿನವರನ್ನು ಕರೆಸುವ ಮಾತು ಆಗಲೇ ಕಿವಿಗೆ ಬಿದ್ದಿತ್ತು. ಒಮ್ಮೆ ಕೋಲು ಕೈಬಿಟ್ಟರೆ ಮತ್ತೆ ಕೈಗೆ ಬರುವುದಿಲ್ಲ ಎಂಬುದು ಆಕೆಗೆ ಗೊತ್ತು.

ಸರ್ಕಾರಿ ಆಸ್ಪತ್ರೆಯ ನರ್ಸ್ ನೇತ್ರಾ ರಕ್ತ ನೋಡಿ, ಕಮ್ಮಿಯಿದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಳು. ಎರಡೇ ದಿನಕ್ಕೆ ಹೊಟ್ಟೆ ಕಟ್ಟಿತು. ಮಾತ್ರೆಗಳು ಸಾಸಿವೆ ಡಬ್ಬಿ ಸೇರಿದವು. ಪಾರ್ವತಮ್ಮ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಅಲ್ಲೊಂದು ಅಂಗಡಿಯ ಮುಂದೆ ‘ಸ್ಪಿರುಲಿನಾ: ರಕ್ತ ಏರಿಸುತ್ತದೆ’ ಎಂಬ ಬೋರ್ಡು.

“ನೀರಲ್ಲಿ ಬೆಳೆಯೋ ಪಾಚಿ ಕಣವ್ವ. ಪ್ರೋಟೀನು, ಕಬ್ಬಿಣ, ಎಲ್ಲಾ ಇದ್ರಾಗೇ ಐತೆ. ದಿನಾ ಒಂದ್ ಚಮಚ ತಗೊಂಡ್ರೆ ಕುದುರೆ ಅಂಗೆ ಓಡ್ತೀಯ,” ಎಂದ ಅಂಗಡಿಯವನು.

“ನಾನ್ಯಾಕ್ಲಾ ಓಡ್ಲಿ? ನಿಂತ್ಕಂಡು ಮುದ್ದೆ ತೊಳಸ್ಬೇಕು ಕಣ್ಲಾ!”

ದಿನಕ್ಕೊಂದು ಚಮಚ ನುಂಗಿದಳು. ಆದರೆ ಒಬ್ಬಳೇ ಮುಚ್ಚಿಟ್ಟುಕೊಂಡು ತಿಂದರೆ ದೃಷ್ಟಿಯಾಗುತ್ತದೆ, ಮೈಗೆ ಹತ್ತುವುದಿಲ್ಲ ಎಂಬ ಭಯ ಒಳಗೊಳಗೇ ಇತ್ತು. ಬೀಗರೂಟದ ದಿನ ಎರಡು ಡಬ್ಬಿ ಪುಡಿಯನ್ನು ಕುದಿಯುವ ಹಂಡೆಗೇ ಸುರಿದಳು. ನೂರು ಜನ ಹಂಚಿ ತಿಂದರೆ ಯಾರ ಕಣ್ಣು ತಾನೆ ಬಿದ್ದೀತು?

ಅರ್ಧ ತೊಳಸುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಗೋಡೆಗೊರಗಿ ಕೂತಳು. ಕೋಲು ಪುಟ್ಟರಾಜುವಿನ ಪಾಲಾಯಿತು. ಆತನ ಸಲಹೆಗಳು ಇಷ್ಟು ವರ್ಷ ಬಹಳ ಚೆನ್ನಾಗಿದ್ದವು.

ಎಲೆಯ ಮೇಲೆ ಕಡುಹಸಿರು ಮುದ್ದೆ ಬಿದ್ದಾಗ ಅರಕಲಗೂಡಿನ ಬೀಗ ಕೃಷ್ಣಪ್ಪ ಬೆರಳಲ್ಲಿ ಒತ್ತಿ ನೋಡಿದ. “ಏನ್ ಬೀಗ್ರೇ, ಕೆರೆ ಬಳ್ಕಂಡ್ ಬಂದು ತೊಳಸಿದ್ರಾ?”

ಪಾರ್ವತಮ್ಮ ಕೂತಲ್ಲಿಂದಲೇ ಕೂಗಿದಳು. “ಪಾಚಿನೇ ಕಣಪ್ಪ! ಮುದ್ದೆ ನುಂಗಾದಾ, ಅಗಿಯಾದಾ? ಗಂಟ್ಲಿಗೇನು ಕಣ್ಣೈತಾ? ನುಂಗು!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕೃಷ್ಣಪ್ಪ ಮೂರು ನುಂಗಿದ. ಕೈ ತೊಳೆಯುತ್ತಾ, “ಬಣ್ಣ ಓಗ್ಲಿ ಬಿಡವ್ವ, ಗಂಟ್ಯಾಕೆ?” ಎಂದ.

ಅದು ತಾಕಿತು. ಮಾರನೆಯ ದಿನವೇ ಪಾರ್ವತಮ್ಮ ಪಾಚಿ ಪುಡಿಯ ಡಬ್ಬಿ ಹಿಡಿದು ನೇತ್ರಾಳ ಮುಂದೆ ಕೂತಿದ್ದಳು.

“ಅದು ಊಟದ ಸಾಮಾನಮ್ಮ, ಔಷಧಿಯಲ್ಲ. ಪ್ರೋಟೀನಿದೆ, ತಿನ್ನಿ, ಬೇಡ ಅನ್ನಲ್ಲ. ಒಂದು ಚಮಚದಲ್ಲಿ ನಿಮಗೆ ಬೇಕಾದಷ್ಟು ಕಬ್ಬಿಣ ಎಲ್ಲಿಂದ ಬರುತ್ತೆ? ನನ್ನ ಮಾತ್ರೆ ಎಲ್ಲಿ?”

“ಸಾಸಿವೆ ಡಬ್ಬಿಲೈತೆ.”

“ಸಾಸಿವೆಗೇನು ರಕ್ತ ಕಮ್ಮಿ ಆಗಿತ್ತಾ?”

ನೇತ್ರಾ ಹೇಳಿದಂತೆ ದಿನವೂ ಊಟವಾದ ಮೇಲೆ, ನಿಂಬೆ ಪಾನಕದ ಜೊತೆ ಮಾತ್ರೆ ನುಂಗಿದಳು. ನೀರು, ಸೊಪ್ಪು ಜಾಸ್ತಿ ಮಾಡಿದ್ದಕ್ಕೆ ಹೊಟ್ಟೆಯೂ ದಾರಿಗೆ ಬಂತು. ಮೂರು ತಿಂಗಳಾದ ಮೇಲೆ ದೊಡ್ಡಗದ್ದವಳ್ಳಿಯ ಬೀಗರೂಟದಲ್ಲಿ ಇಡೀ ಹಂಡೆ ಒಬ್ಬಳೇ ತೊಳಸಿದಳು. ಒಂದು ಗಂಟಿಲ್ಲ. ಎಲ್ಲ ಪಾಚಿಯ ಮಹಿಮೆ ಎಂದು ಸುದ್ದಿ ಹಬ್ಬಿ, ಅಂಗಡಿಯ ಮುಂದೆ ಜನ ಸೇರಿದರು.

ಪಾರ್ವತಮ್ಮ ಅಲ್ಲಿಗೇ ಬಂದಳು. “ತಿನ್ರಪ್ಪ, ಕೆಟ್ಟದ್ದಲ್ಲ. ಆದ್ರೆ ನಂಗೆ ರಕ್ತ ಬಂದಿದ್ದು ಆ ನೇತ್ರಮ್ಮನ ಮಾತ್ರೆಯಿಂದ. ಈ ಬೋರ್ಡು ಸುಳ್ಳು ಕಣ್ಲಾ, ಇಳಿಸು.”

ನಾಲ್ಕು ಜನ ಡಬ್ಬಿ ವಾಪಸಿಟ್ಟು ಹೋದರು. ಬೋರ್ಡು ಅವತ್ತೇ ಇಳಿಯಿತು.

ಆ ಅಂಗಡಿಯವನು ನಾನೇ. ಪಾರ್ವತಮ್ಮನಿಗೆ ನಾನಿನ್ನೂ ತಪ್ಪಾಯಿತು ಎಂದು ಹೇಳಿಲ್ಲ, ಹೇಳಬೇಕು.