ಅಪ್ಪ ಸಾಯಿಸಿದ ಹುಡುಗಿಯರು

ನಾನು ಚಿಕ್ಕವನಿದ್ದಾಗ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಕಾದಂಬರಿ ಓದುತ್ತಿದ್ದವನು ಅಪ್ಪ ಒಬ್ಬನೇ. ಉಳಿದವರು ಸುಮ್ಮನೆ ಕೇಳಬೇಕು. ಅವರೆಕಾಯಿ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಅವ್ವ, ಅಕ್ಕ, ನಾನು ನಡುಮನೆಯಲ್ಲಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದೆವು. ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುತ್ತಿತ್ತು, ಮನೆ ತುಂಬ ಅವರೆಯ ಸೊಗಡು. ಆ ಒದ್ದೆ ಕೈಯಲ್ಲಿ ಲೈಬ್ರರಿ ಪುಸ್ತಕ ಮುಟ್ಟುವ ಹಾಗಿರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತು ರಾಗವಾಗಿ ಓದುತ್ತಿದ್ದ. ಚೆನ್ನಾಗಿಯೇ ಓದುತ್ತಿದ್ದ, ಸುಳ್ಳು ಯಾಕೆ ಹೇಳಲಿ.

ಅಕ್ಕನಿಗೆ ಅದು ಹೈಸ್ಕೂಲಿನ ಕೊನೇ ವರ್ಷ. ಹಾಸನದ ಕಾಲೇಜಿಗೆ ಸೇರಬೇಕು ಅನ್ನುವುದೊಂದೇ ಅವಳ ಜಪ. ಅಪ್ಪ ಆಗಲಿ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅಷ್ಟರಲ್ಲಿ ಹಿರೀಸಾವೆ ಕಡೆಯ ಗಂಡಿನವರು ಬಂದು ಅವಳನ್ನು ನೋಡಿಕೊಂಡು ಹೋಗಿದ್ದರು.

ಅಂಥ ಒಂದು ಭಾನುವಾರ ಓದಿದ ಕಾದಂಬರಿಯಲ್ಲಿ ಒಬ್ಬ ಹುಡುಗಿ ಮನೆಯವರನ್ನು ಎದುರು ಹಾಕಿಕೊಂಡು ಓದಲು ಪಟ್ಟಣಕ್ಕೆ ಹೋಗುತ್ತಾಳೆ. ಅಕ್ಕ ಕೈಯಲ್ಲಿದ್ದ ಕಾಳು ಮರೆತು ಕೇಳುತ್ತಿದ್ದಳು. ಕೊನೆಗೆ ಹುಡುಗಿಗೆ ಜ್ವರ ಬಂತು, ನೋಡುವವರಿಲ್ಲದೆ ಸತ್ತಳು ಅಂತ ಓದಿ ಅಪ್ಪ ಪುಸ್ತಕ ಮುಚ್ಚಿದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮನೆಗೆ ಬಂದ ಕಾದಂಬರಿಗಳಲ್ಲೆಲ್ಲ ಹೊಸಿಲು ದಾಟಿದ ಹೆಣ್ಣುಮಕ್ಕಳಿಗೆ ಇದೇ ಗತಿ. ಬರೆಯುವವರಿಗೆ ಬೇರೆ ಕಸುಬಿಲ್ಲವೇ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಬೀದಿಯಿಂದ ಯಾರೋ ಕೂಗಿದರು. ಅಪ್ಪ ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗೆ ಹೋದ. ಅಕ್ಕ ಲಂಗಕ್ಕೆ ಕೈ ಒರೆಸಿಕೊಂಡು ಕೊನೆಯ ಹಾಳೆ ತೆಗೆದಳು. ನೋಡುತ್ತ ನೋಡುತ್ತ ಅವಳ ಮುಖ ಕೆಂಪಾಯಿತು. ಆಮೇಲೆ ಗಟ್ಟಿಯಾಗಿ ಓದತೊಡಗಿದಳು. ಪುಸ್ತಕದಲ್ಲಿ ಹುಡುಗಿಗೆ ಜ್ವರವೇ ಬಂದಿರಲಿಲ್ಲ. ಓದು ಮುಗಿಸಿ ಸ್ಕೂಲಿನಲ್ಲಿ ಮೇಡಂ ಆಗಿದ್ದಳು, ತಾಯಿಯನ್ನೂ ಕರೆಸಿಕೊಂಡಿದ್ದಳು.

ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಅಪ್ಪ, ಇವ್ಳು ಸತ್ತೇ ಇಲ್ವಲ್ಲ. ನೀನ್ಯಾಕೆ ಸಾಯಿಸ್ಬುಟ್ಟೆ?" ಅಂದಳು ಅಕ್ಕ.

"ನಿನ್ನ ಒಳ್ಳೇದಕ್ಕೇ ಕಣವ್ವ. ಇಂಥದ್ದೆಲ್ಲ ತಲೇಲಿ ತುಂಬ್ಕೊಂಡ್ರೆ ನಾಳೆ ಸಂಸಾರ ಮಾಡಕ್ಕಾಯ್ತದಾ?"

ಅವ್ವ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಅಂಗಾರೆ ಇಷ್ಟು ದಿನ ನಾನು ಅತ್ತಿದ್ದು ಯಾರ್ಗೆ?" ಅಂದಳು.

ಅಪ್ಪ ಅಕ್ಕನ ಕೈಯಿಂದ ಪುಸ್ತಕ ಕಿತ್ತುಕೊಂಡು ಹೋದ. ಅವತ್ತಿನಿಂದ ನಮ್ಮನೆಗೆ ಕಾದಂಬರಿ ಬರುವುದು ನಿಂತಿತು. ಮುಂಗಾರು ಹಿಡಿಯುವ ಮೊದಲೇ ಅಕ್ಕನನ್ನು ಹಿರೀಸಾವೆಗೆ ಮದುವೆ ಮಾಡಿ ಕಳಿಸಿದ. ಕಾಲೇಜಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮೊಮ್ಮಕ್ಕಳೇ, ದೊಡ್ಡವನಾದ ಮೇಲೆ ಆ ಕಾದಂಬರಿಗಳನ್ನೆಲ್ಲ ಹುಡುಕಿ ಹುಡುಕಿ ಓದಿದೆ. ಕೆಲವು ಹುಡುಗಿಯರನ್ನು ಬರೆದವರೇ ಸಾಯಿಸಿದ್ದರು, ಅವರ ಮೇಲೂ ನನಗೆ ಸಿಟ್ಟಿದೆ. ಉಳಿದವರನ್ನು ಸಾಯಿಸಿದ್ದು ನಮ್ಮಪ್ಪ. ನೀವು ಹಾಸನದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಕಾದಂಬರಿ ಓದುತ್ತೀರಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಟ್ಟು ಇನ್ನೊಂದು ತೆಗೆಯುತ್ತೀರಿ, ಕೇಳುವವರಿಲ್ಲ. ನೋಡಿದರೆ ಖುಷಿಯಾಗುತ್ತದೆ, ಅಕ್ಕನನ್ನು ನೆನೆದು ಹೊಟ್ಟೆ ಉರಿಯುತ್ತದೆ.

ನಿಮ್ಮ ಮುತ್ತಜ್ಜ ಕೆಟ್ಟವನಾ ಅಂತ ಕೇಳುತ್ತೀರಿ. ಅಲ್ಲ, ಅಕ್ಕನನ್ನು ಕಂಡರೆ ಅವನಿಗೆ ಜೀವ. ಕೆಟ್ಟವನಾಗಿದ್ದರೆ ನನ್ನ ಸಿಟ್ಟು ಯಾವತ್ತೋ ಆರಿಹೋಗುತ್ತಿತ್ತು.