ಹುಲಗಮ್ಮನ ಪ್ರಶ್ನೆ ಕ್ಯಾಂಪಸ್ಸಿಗೆ ಹೋದದ್ದು

ಹನುಮಸಾಗರದ ಸುತ್ತ ಹೊಲಗಳಲ್ಲಿ ಬಿಳಿ ಬಲೆ ಹೊದಿಸಿದ ಉದ್ದುದ್ದ ಚಪ್ಪರಗಳಿವೆ. ಊರವರು ಅವನ್ನು ನೆಟ್ಟು ಎನ್ನುತ್ತಾರೆ. ಅದರೊಳಗೆ ಬೆಳೆಯುವುದು ಸಂತೆಗೆ ಹೋಗುವ ತರಕಾರಿಯಲ್ಲ, ಬೀಜಕ್ಕೆಂದು ಬೆಳೆಸುವ ಟೊಮ್ಯಾಟೊ, ಮೆಣಸಿನಕಾಯಿ, ಬದನೆ. ಹುಲಗಮ್ಮ ಇಪ್ಪತ್ತೆರಡು ವರ್ಷದಿಂದ ಆ ನೆಟ್ಟುಗಳಲ್ಲಿ ಕ್ರಾಸಿಂಗ್, ಅಂದರೆ ಎರಡು ತಳಿ ಬೆರೆಸುವ ಕೆಲಸ ಮಾಡುತ್ತಾಳೆ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡುಗಿಡದಿಂದ ತಂದ ಹಳದಿ ಪುಡಿಯನ್ನು ಆ ಹೂವಿನ ನಡುವಿನ ಎಳೆಯ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ್ದರ ಗುರುತಿಗೆ ಹೂವಿನ ಕೆಳಗಿನ ಎರಡು ಹಸಿರು ಎಸಳನ್ನು ಕತ್ತರಿಸಬೇಕು. ದಿನಕ್ಕೆ ಐದಾರು ನೂರು ಹೂವು. ಒಂದು ಮೊಗ್ಗು ಕೈತಪ್ಪಿ ತನ್ನಷ್ಟಕ್ಕೆ ಕಾಯಿ ಕಟ್ಟಿದರೂ ಬೀಜದ ಕಂಪನಿಯ ಮೇಸ್ತ್ರಿ ಬಂದು ಇಡೀ ಸಾಲನ್ನು ಅನುಮಾನದಿಂದ ನೋಡುತ್ತಾನೆ. ಹುಲಗಮ್ಮನ ಸಾಲಿನಲ್ಲಿ ಮಾತ್ರ ಅವನು ನಿಲ್ಲುವುದೇ ಇಲ್ಲ, ಸೀದಾ ಮುಂದೆ ಹೋಗುತ್ತಾನೆ.

ನಾನು ಆ ಊರಿನ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಶಿಕ್ಷಕಿಯಾಗಿದ್ದೇನೆ, ಊರವರ ಬಾಯಲ್ಲಿ ಅಕ್ಕೋರು. ಹುಲಗಮ್ಮನ ಮಗಳು ವಿಜಯಲಕ್ಷ್ಮಿ ನನ್ನ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಕಾಲಿಡುವ ಮಕ್ಕಳಿಗಾಗಿ ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯ ಬೇಸಿಗೆಯಲ್ಲಿ ಮೂರು ವಾರದ ಶಿಬಿರ ಇಟ್ಟಿತ್ತು. ಕ್ಯಾಂಪಸ್ಸಿನ ಹಾಸ್ಟೆಲ್ಲಿನಲ್ಲೇ ಇರಬೇಕು, ಅಲ್ಲಿನ ಲ್ಯಾಬುಗಳಲ್ಲಿ ಕೆಲಸ ಮಾಡಬೇಕು. ಫೆಬ್ರುವರಿಯಲ್ಲಿ ನಾನೇ ಅರ್ಜಿ ತುಂಬಿಸಿದ್ದೆ, ತುಂಬಿಸಿ ಮರೆತೂ ಬಿಟ್ಟಿದ್ದೆ. ಪರೀಕ್ಷೆ ಮುಗಿದ ವಾರವೇ ಅವಳು ಆಯ್ಕೆಯಾದ ಪತ್ರ ಬಂತು.

ಪತ್ರ ಹಿಡಿದು ಅವರ ಮನೆಗೆ ಹೋದೆ. ಹುಲಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೌಂಡಿ ಕೆಲಸ ಮಾಡುವ ಅವಳ ಗಂಡ ಓಬಳೆಪ್ಪ ಆಗಷ್ಟೇ ಬಂದು ಕಾಲಿಗೆ ಅಂಟಿದ ಸಿಮೆಂಟು ತೊಳೆಯುತ್ತಿದ್ದ. ನಾನು ಓದುವುದನ್ನು ಅವನು ಕೊನೆಯವರೆಗೆ ಕೇಳಿ, "ಮೂರು ವಾರ ಅಲ್ಲೇ ಇರಬೇಕೇನ್ರಿ?" ಎಂದ. ಹೌದೆಂದೆ. "ಕುಡಿಯೂ ನೀರು ಛಲೋ ಅದಾವೇನ್ರಿ ಅಲ್ಲಿ?" ಎಂದು ಕೇಳಿದ. ಅದೂ ಹೌದೆಂದ ಮೇಲೆ ಕೈ ಒರೆಸಿಕೊಂಡು ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಪತ್ರದ ಜೊತೆ ತರಬೇಕಾದ ಸಾಮಾನಿನ ಪಟ್ಟಿ ಇತ್ತು. ಹಾಸಲು ಹೊದೆಯಲು ಬಟ್ಟೆ, ಪೆಟ್ಟಿಗೆಗೆ ಬೀಗ, ಡಾಕ್ಟರರ ಸರ್ಟಿಫಿಕೇಟು, ಬೆರಳು ಕಾಣದಂತೆ ಮುಚ್ಚಿದ ಬೂಟು, ಲ್ಯಾಬಿನಲ್ಲಿ ತೊಡಲು ಮೊಣಕಾಲುದ್ದದ ಬಿಳಿ ಕೋಟು. ಕೋಟು ಹೊಲಿಯುವ ಕೆಲಸವನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಟೇಲರ್ ಇಬ್ರಾಹಿಂಸಾಬರು ವಹಿಸಿಕೊಂಡರು.

"ಮದುಮಗನ ಶೇರ್ವಾನಿ ಹೊಲದೀನಿ, ಪೊಲೀಸರ ಡ್ರೆಸ್ ಹೊಲದೀನಿ. ಇದೊಂದು ಕೋಟು ಹೊಲದಿಲ್ಲ ನೋಡ್ರಿ," ಎಂದು ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ರಕ್ತ ತಪಾಸಣೆ ಮಾಡುವವನನ್ನು ನಿಲ್ಲಿಸಿ ಅವನ ಕೋಟಿಗೆ ಟೇಪು ಹಿಡಿದು ಬಂದರು. ಮೂರನೆಯ ದಿನ ಕೋಟು ಸಿದ್ಧವಾಯಿತು. ವಿಜಯಲಕ್ಷ್ಮಿ ಅದನ್ನು ತೊಟ್ಟು ಅಂಗಡಿಯ ಕನ್ನಡಿ ಮುಂದೆ ನಿಂತಾಗ ಮಷಿನ್ನು ತುಳಿಯುತ್ತಿದ್ದವರೆಲ್ಲ ಕಾಲು ನಿಲ್ಲಿಸಿದರು. ಇಬ್ರಾಹಿಂಸಾಬರು ಕನ್ನಡಕ ಮೇಲೇರಿಸಿ, "ಇನ್ನ ಮ್ಯಾಲೆ ನಿನಗ ಏನಂತ ಕರೀಬೇಕವಾ?" ಎಂದರು. ಅವಳು ನಾಚಿ ಕೋಟು ಬಿಚ್ಚಿ ಮಡಿಸಿಟ್ಟಳು.

ಹೊಸ ಬೂಟು ಕಚ್ಚದಿರಲೆಂದು ದಿನಾ ಬೆಳಿಗ್ಗೆ ಅದನ್ನು ತೊಟ್ಟು ಓಣಿಯಲ್ಲಿ ನಡೆದಳು. ಡಾಕ್ಟರರ ಸರ್ಟಿಫಿಕೇಟಿಗೆ ಕುಷ್ಟಗಿಗೆ ಹೋಗಿಬಂದೆವು. ಇವೆಲ್ಲ ಸುಲಭದವು. ಪಟ್ಟಿಯ ಕೊನೆಯ ಸಾಲು ಮಾತ್ರ ಅವಳನ್ನು ಕಾಡಿತು: 'ನಿಮ್ಮ ಊರಿನಲ್ಲಿ ನೀವೇ ಕಂಡ ಒಂದು ಪ್ರಶ್ನೆಯನ್ನು ಜೊತೆಗೆ ತನ್ನಿ. ಉತ್ತರ ಗೊತ್ತಿರಬೇಕಾಗಿಲ್ಲ.'

ಮೂರು ದಿನ ಅವಳು ಬರೆಯುವ ವಹಿಯ ಮುಂದೆ ಕುಳಿತು, ಆಮೇಲೆ ನನ್ನ ಹತ್ತಿರ ಬಂದಳು. "ಅಕ್ಕೋರ, ನಮ್ಮೂರಾಗ ಏನು ಪ್ರಶ್ನಿ ಅದಾವ್ರಿ? ಪುಸ್ತಕದಾಗ ಇರೂವೆಲ್ಲಾ ಉತ್ತರ ಇರೂ ಪ್ರಶ್ನಿ."

"ನಿಮ್ಮವ್ವನ ಜೊತಿಗೆ ನೆಟ್ಟಿಗೆ ಹೋಗು. ಆಕಿ ಮಾಡೂದನ್ನ ಜರಾ ನಿಂತು ನೋಡು," ಎಂದೆ. ಸತ್ಯ ಹೇಳಬೇಕೆಂದರೆ ನನಗೂ ಬೇರೇನೂ ಹೊಳೆದಿರಲಿಲ್ಲ.

ಆ ವರ್ಷ ವಿರೂಪಾಕ್ಷಪ್ಪನವರ ಹೊಲದ ನೆಟ್ಟಿನಲ್ಲಿ ಟೊಮ್ಯಾಟೊ ನಾಟಿ ತಡವಾಗಿತ್ತು. ಹಾಗಾಗಿ ಏಪ್ರಿಲ್ಲಿನಲ್ಲೂ ಕ್ರಾಸಿಂಗ್ ನಡೆದಿತ್ತು. ಅಲ್ಲಿ ತಾಯಿ ಮಗಳ ನಡುವೆ ನಡೆದ ಮಾತನ್ನು ವಿಜಯಲಕ್ಷ್ಮಿ ನನಗೆ ಆಮೇಲೆ ಹೇಳಿದಳು. ಮಗಳ ಕಷ್ಟ ಕೇಳಿ ಹುಲಗಮ್ಮ ಹೂವಿನಿಂದ ಕಣ್ಣು ತೆಗೆಯದೆ, "ನಾ ಒಂದು ಕೇಳಲೇನು? ಭಾಳ ದಿನದಿಂದ ತಲ್ಯಾಗ ಐತಿ," ಎಂದಳಂತೆ.

"ಕೇಳಬೇ."

"ನಾವು ಧೂಳ ಹಚ್ಚೂದು ಈ ಎಳಿ ತುದಿಗೆ. ಕಾಯಿ ಆಗೂದು ಬುಡದಾಗ. ಆ ಧೂಳ ತುದಿಯಿಂದ ಬುಡಕ್ಕ ಹ್ಯಾಂಗ ಹೋಗತೈತಿ? ಯಾರು ಒಯ್ತಾರ?"

ಮಗಳಿಗೆ ನಗು ಬಂತು. "ಇದು ಪಾಠದಾಗ ಐತಿ. ಪರಾಗನಳಿಕೆ ಅಂತ ಬೆಳೀತೈತಿ, ಅದರಾಗಿಂದ ಇಳೀತೈತಿ. ಪರೀಕ್ಷಾದಾಗ ಚಿತ್ರಾನೂ ತಗದು ಬಂದೀನಿ."

"ಅದನ್ನ ನೀ ಕಣ್ಣಿಲೆ ನೋಡೀಯೇನು?"

"ಇಲ್ಲ."

"ಮತ್ತ ನಿಮ್ಮ ಅಕ್ಕೋರು?"

ಮರುದಿನ ಹುಡುಗಿ ಬಂದು ಅದನ್ನೇ ನನ್ನನ್ನು ಕೇಳಿದಳು. ಹದಿನಾಲ್ಕು ವರ್ಷ ನೀಲಿ ಚಾಕ್‌ಪೀಸಿನಲ್ಲಿ ಬೋರ್ಡಿನ ಮೇಲೆ ನಾನು ಆ ನಳಿಕೆಯನ್ನು ಬಿಡಿಸಿದ್ದೇನೆ. ನಮ್ಮ ಶಾಲೆಯ ಸೂಕ್ಷ್ಮದರ್ಶಕದ ಕನ್ನಡಿ ಒಡೆದು ಎಷ್ಟೋ ಕಾಲವಾಗಿದೆ. ಬಿ.ಎಸ್ಸಿ. ಓದುವಾಗಲೂ ಸಿದ್ಧ ಸ್ಲೈಡುಗಳನ್ನು ನೋಡಿದ್ದೆನೇ ಹೊರತು ಪರಾಗ ಜೀವಂತ ಬೆಳೆಯುವುದನ್ನಲ್ಲ. "ಇಲ್ಲವಾ, ನಾನೂ ನೋಡಿಲ್ಲ," ಎಂದೆ. ಹಾಗೆ ಹೇಳಿದ್ದು ನನಗೇ ವಿಚಿತ್ರವಾಗಿ ಕೇಳಿಸಿತು.

ಆ ಪ್ರಶ್ನೆಯನ್ನೇ ಒಯ್ಯುವುದೆಂದು ತೀರ್ಮಾನವಾಯಿತು. ಅದಕ್ಕೆ ಹುಲಗಮ್ಮ ಇನ್ನೊಂದನ್ನು ಸೇರಿಸಿದಳು: ಬಿಸಿಲೇರಿದ ಮೇಲೆ ಹಚ್ಚಿದ ಹೂವು ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಯಾಕೆ? ಕಟ್ಟುವುದಿಲ್ಲವೆಂದು ಹೇಗೆ ಗೊತ್ತು ಎಂದು ಮಗಳು ಕೇಳಿದ್ದಕ್ಕೆ, "ಕೈಗೆ ಗೊತ್ತಾಗತೈತಿ," ಎಂದಳು. ಕೈಗೆ ಗೊತ್ತಾದದ್ದನ್ನು ಕಾಗದದ ಮೇಲೆ ತರುವುದು ಹೇಗೆಂದು ನಾವು ಮೂವರೂ ಕುಳಿತು ಯೋಚಿಸಿದೆವು. ವಿರೂಪಾಕ್ಷಪ್ಪನವರು ಅಂಚಿನ ಒಂದು ಸಾಲನ್ನು ಬಿಟ್ಟುಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಐವತ್ತು ಹೂವಿಗೆ ಕೆಂಪು ದಾರ, ಮಧ್ಯಾಹ್ನ ಒಂದಕ್ಕೆ ಹಚ್ಚಿದ ಐವತ್ತಕ್ಕೆ ಹಳದಿ ದಾರವನ್ನು ತಾಯಿ ಮಗಳು ಕಟ್ಟಿದರು. ದಿನಾ ನೋಡುತ್ತ ಹನ್ನೆರಡು ದಿನ ಕಾದು ಎಣಿಸಿದರೆ ಕೆಂಪು ದಾರದಲ್ಲಿ ಮೂವತ್ತೆಂಟು ಕಾಯಿ ನಿಂತಿದ್ದವು, ಹಳದಿಯಲ್ಲಿ ಹದಿನಾಲ್ಕು. ವಿಜಯಲಕ್ಷ್ಮಿ ಎರಡು ಸಲ ಎಣಿಸಿದಳು. ತಾಯಿ ಎಣಿಸಲಿಲ್ಲ. ಗಿಡಗಳ ನಡುವೆ ಬಗ್ಗಿ ನಡೆದು ಬಂದು, "ಅಷ್ಟs," ಎಂದಳು.

ಮೇ ಎರಡನೆಯ ವಾರ ಹೊರಟೆವು. ಓಬಳೆಪ್ಪನಿಗೆ ಸ್ಲ್ಯಾಬು ಹಾಕುವ ಕೆಲಸವಿತ್ತು, ಆದ್ದರಿಂದ ತಾಯಿ ಮಗಳ ಜೊತೆಗೆ ನಾನು ಹೋದೆ. ಕೈಚೀಲದಲ್ಲಿ ಒಣಗಿಸಿದ ಕಟಿ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಗಜೇಂದ್ರಗಡ, ಗದಗ ದಾಟಿ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಧಾರವಾಡ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ಕ್ಯಾಂಪಸ್ಸಿನ ಗೇಟಿನಿಂದ ಸಸ್ಯಶಾಸ್ತ್ರ ವಿಭಾಗಕ್ಕೆ ನಡೆದದ್ದೇ ಇಪ್ಪತ್ತು ನಿಮಿಷ. ಎರಡೂ ಬದಿಗೆ ಎತ್ತರದ ಮರಗಳು, ಪ್ರತಿ ಮರದ ಕಾಂಡಕ್ಕೂ ಹೆಸರಿನ ತಗಡು. ಹುಲಗಮ್ಮ ಒಂದು ಮರದ ಮುಂದೆ ನಿಂತು ಕೂಡಿಸಿ ಕೂಡಿಸಿ ಓದಿದಳು: "ಹೊಂ...ಗೆ. ಹೊಂಗೆ. ಅಕ್ಕೋರ, ಇಲ್ಲಿ ಗಿಡಕ್ಕೂ ಹಾಜರಿ ಹಾಕ್ತಾರೇನ್ರಿ?" ಗ್ರಂಥಾಲಯದ ಗಾಜಿನಾಚೆ ಮೂರು ಅಂತಸ್ತಿನವರೆಗೆ ಪುಸ್ತಕ ಕಂಡಾಗ ಅವಳು ಮಗಳ ಕೈ ಹಿಡಿದುಕೊಂಡಳು. ಅಲ್ಲಿಯ ತನಕ ಮಗಳೇ ತಾಯಿಯ ಕೈ ಹಿಡಿದು ನಡೆದಿದ್ದಳು.

ವಿಭಾಗದಲ್ಲಿ ಶಿಬಿರ ನೋಡಿಕೊಳ್ಳುವ ಎತ್ತರ ನಿಲುವಿನ ಪ್ರಾಧ್ಯಾಪಕಿ, ಡಾಕ್ಟರ್ ಶಿವಲೀಲಾ, ನಮ್ಮನ್ನು ಬರಮಾಡಿಕೊಂಡರು. ವಿಜಯಲಕ್ಷ್ಮಿಯ ವಹಿ ತೆರೆದು ನಿಂತಲ್ಲೇ ಓದಿದರು. ದಾರದ ಲೆಕ್ಕವನ್ನು ಎರಡನೆಯ ಸಲ ಓದಿ, "ಮೊದಲನೇ ಪ್ರಶ್ನೆ ಯಾರದು?" ಎಂದರು. ಹುಡುಗಿ ತಾಯಿಯತ್ತ ತೋರಿಸಿದಳು.

"ಬನ್ನಿ, ಈಗಲೇ ನೋಡೋಣ," ಎಂದು ಲ್ಯಾಬಿನತ್ತ ಹೆಜ್ಜೆ ಹಾಕಿದವರು ಹುಲಗಮ್ಮನ ಕಾಲು ನೋಡಿ ನಿಂತರು. ಅವಳು ಹವಾಯಿ ಚಪ್ಪಲಿಯಲ್ಲಿದ್ದಳು. ಮುಚ್ಚಿದ ಬೂಟಿಲ್ಲದೆ ಒಳಗೆ ಬಿಡುವಂತಿರಲಿಲ್ಲ.

"ನಾ ಇಲ್ಲೇ ಹೊರಗ ಕುಂದರತೀನ್ರಿ. ಹುಡುಗಿ ನೋಡಿದ್ರ ಸಾಕು," ಎಂದಳು ಹುಲಗಮ್ಮ.

ಶಿವಲೀಲಾ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸೂಕ್ಷ್ಮದರ್ಶಕವನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ಎತ್ತಿಕೊಂಡು ಬಂದು ವರಾಂಡದ ಮೇಜಿನ ಮೇಲಿಟ್ಟರು. ಗೋಡೆಯಂಚಿನ ಪಾತಿಯಿಂದ ಕಾಶಿಕಣಗಿಲೆಯ ಗುಲಾಬಿ ಹೂ ಕಿತ್ತು, ಗಾಜಿನ ಪಟ್ಟಿಯ ಮೇಲೆ, ಮೊಳೆಯಲು ನೆರವಾಗುವ, ಸಕ್ಕರೆ ಮದ್ದು ಬೆರೆತ ನೀರಿನ ಒಂದು ಹನಿ ಬಿಟ್ಟು, ಪರಾಗ ಉದುರಿಸಲು ಸೂಜಿ ತೆಗೆದರು. ಹೂವಿನ ಕೊಳವೆ ಕಿರಿದು. ಅವರು ಎರಡು ಸಲ ತಪ್ಪಿದರು. "ತರ್ರಿಲ್ಲೆ," ಎಂದು ಹುಲಗಮ್ಮ ಹೂ ಇಸಿದುಕೊಂಡಳು. ಹೆಬ್ಬೆರಳ ಉಗುರಿನಿಂದ ಕೊಳವೆಯನ್ನು ಸೀಳಿ, ಒಳಗಿನದನ್ನು ಸೂಜಿಯ ಮೊನೆಯಲ್ಲಿ ತೆಗೆದು ಹನಿಗೆ ಮುಟ್ಟಿಸಿದಳು. ಶಿವಲೀಲಾ ಆ ಬೆರಳುಗಳನ್ನೇ ನೋಡುತ್ತಿದ್ದರು.

ಮೊದಲ ಸಲ ಕಣ್ಣಿಟ್ಟಾಗ ಹುಲಗಮ್ಮನಿಗೆ ಕಂಡದ್ದು ತನ್ನದೇ ರೆಪ್ಪೆಗೂದಲು. ಸ್ವಲ್ಪ ಹಿಂದೆ ಸರಿದು ನೋಡಿರೆಂದು ಹೇಳಿದ ಮೇಲೆ, "ಗುಂಡಗುಂಡಗ ಅದಾವು. ಸಾಬೂದಾಣಿ ಇದ್ದಂಗ," ಎಂದಳು. ಆಮೇಲೆ ನಾವು ಕಾದೆವು. ಹತ್ತು ನಿಮಿಷ, ಹದಿನೈದು ನಿಮಿಷ. ಅವಳು ಕಣ್ಣು ತೆಗೆಯಲಿಲ್ಲ.

"ಒಂದರಾಗ ಏನೋ ಉಬ್ಬಾಕತ್ತೈತಿ," ಎಂದಳು. ಇದ್ದಕ್ಕಿದ್ದಂತೆ ಮೇಜಿನಂಚನ್ನು ಬಿಗಿಯಾಗಿ ಹಿಡಿದಳು. "ಬಾಲ ಬಂತು. ಬೇರ ಬಿಟ್ಟಂಗ ಬಿಡಾಕತ್ತೈತಿ. ಅದಕ್ಕೂ ಬಂತು. ಯವ್ವಾ... ಅದು ತಾನs ಹೊಂಟೈತಿ! ಯಾರೂ ಒಯ್ಯೂದಿಲ್ಲ, ತಾನs ಹೊಂಟೈತಿ!"

ತಲೆ ಎತ್ತಿದಾಗ ಅವಳ ಮುಖದಲ್ಲಿದ್ದುದನ್ನು ನಾನು ಬೇರೆಲ್ಲೂ ಕಂಡಿಲ್ಲ. "ಇಪ್ಪತ್ತೆರಡು ವರ್ಷ ಜೀವ ಇರೂದನ್ನ ಕೈಯಾಗ ಹಿಡದು ಧೂಳ ಅಂತಿದ್ದೆನಲ್ರಿ," ಎಂದು ಮೆಲ್ಲಗೆ ಹೇಳಿ, ಸೆರಗಿನಿಂದ ಬೆರಳ ತುದಿಗಳನ್ನು ಒರೆಸಲು ಹೋಗಿ ಒರೆಸದೆ ಬಿಟ್ಟಳು.

ವಿಜಯಲಕ್ಷ್ಮಿ ನೋಡಿದಳು. ನಂತರ ನಾನು ನೋಡಿದೆ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ನಳಿಕೆ ನೆಟ್ಟಗೆ ಇಳಿಯುತ್ತಿತ್ತು. ಇದು ಹಾಗಲ್ಲ. ತಡವರಿಸುತ್ತ, ಬಾಗುತ್ತ, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರಂತೆ ಮುಂದೆ ಮುಂದೆ ಹೋಗುತ್ತಿತ್ತು. ಪಕ್ಕದಲ್ಲಿ ಮತ್ತೊಂದು, ಅದರಾಚೆ ಇನ್ನೊಂದು.

ಸಂಜೆ ಹಾಸ್ಟೆಲ್ಲಿನ ಬಾಗಿಲಲ್ಲಿ ಮಗಳನ್ನು ಬಿಟ್ಟಾಗ ಹುಲಗಮ್ಮ ಅಳಲಿಲ್ಲ. "ಇನ್ನೇನೇನು ತೋರಿಸ್ತಾರ, ಎಲ್ಲಾ ನೋಡಿ ಬಾ. ಬಂದು ನನಗ ಹೇಳು," ಎಂದಷ್ಟೇ ಹೇಳಿದಳು. ವಿಜಯಲಕ್ಷ್ಮಿ ಮಾತ್ರ ಮೊದಲ ನಾಲ್ಕು ದಿನ ಫೋನಿನಲ್ಲಿ ಅತ್ತಳು. ಮಂಚದಿಂದ ಬೀಳುವ ಭಯಕ್ಕೆ ನೆಲದ ಮೇಲೆ ಮಲಗುತ್ತಿದ್ದಳಂತೆ. ಐದನೆಯ ದಿನದಿಂದ ಅವಳು ತಾನಾಗಿ ಫೋನು ಮಾಡುವುದು ಕಡಿಮೆಯಾಯಿತು. ಮಾಡಿದಾಗಲೂ ಅವಸರದಲ್ಲಿರುತ್ತಿದ್ದಳು.

ಶಿಬಿರದಲ್ಲಿ ಅವಳು ಪರಾಗವನ್ನು ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಿದಳು. ಬಿಸಿ ಹೆಚ್ಚಾದಷ್ಟೂ ನಳಿಕೆ ಬಿಡುವ ಕಣಗಳು ಕಡಿಮೆಯಾದವು. ಮಧ್ಯಾಹ್ನದ ನೆಟ್ಟಿನೊಳಗಿನಷ್ಟು ಬಿಸಿಯಲ್ಲಿಟ್ಟವು ಬಹುಪಾಲು ಮಲಗಿಯೇ ಬಿಟ್ಟವು. ಕೊನೆಯ ದಿನ ಎಲ್ಲರೆದುರು ಅದನ್ನು ವಿವರಿಸುವಾಗ ಚಾರ್ಟಿನ ಮೇಲೆ ಎರಡು ಹೆಸರು ಬರೆದಿದ್ದಳು, ತಾಯಿಯದು ಮೊದಲು. ಅದರ ಫೋಟೋ ನನ್ನ ಫೋನಿಗೆ ಬಂತು. ಹುಲಗಮ್ಮನಿಗೆ ತೋರಿಸಿದೆ. ತನ್ನ ಹೆಸರನ್ನು ಓದಿದಳು, ಫೋನು ಹಿಂತಿರುಗಿಸಿದಳು, ಮತ್ತೆ ಕೇಳಿ ಇಸಿದುಕೊಂಡು ಇನ್ನೊಮ್ಮೆ ಓದಿದಳು.

ವಿಜಯಲಕ್ಷ್ಮಿ ಈಗ ಕುಷ್ಟಗಿಯ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಗಣಿತ ಕಷ್ಟವಾಗುತ್ತದೆ ಎನ್ನುತ್ತಾಳೆ, ಭಾನುವಾರ ನನ್ನ ಹತ್ತಿರ ಬರುತ್ತಾಳೆ. ವಿರೂಪಾಕ್ಷಪ್ಪನವರ ನೆಟ್ಟಿನಲ್ಲಿ ಈ ಹಂಗಾಮಿನಿಂದ ಕ್ರಾಸಿಂಗ್ ಬೆಳಗಿನ ಹತ್ತೂವರೆಗೇ ನಿಲ್ಲುತ್ತದೆ.

ಕಳೆದ ತಿಂಗಳು ಒಂದು ಶನಿವಾರ ನಾನು ಹುಲಗಮ್ಮನನ್ನು ಹತ್ತನೆಯ ತರಗತಿಗೆ ಕರೆದೆ. ಬರುವುದಿಲ್ಲವೆಂದು ಎರಡು ಸಲ ಹೇಳಿ ಮೂರನೆಯ ಸಲ ಒಪ್ಪಿದಳು. ಒಂದು ಬುಟ್ಟಿ ಟೊಮ್ಯಾಟೊ ಮೊಗ್ಗು, ನಾಲ್ಕು ಚಿಮಟ ತಂದಿದ್ದಳು. ನನ್ನ ಕುರ್ಚಿ ಕೊಟ್ಟರೆ ಕೂರಲಿಲ್ಲ. ಒಂದು ಮೊಗ್ಗನ್ನು ಎತ್ತಿ ಹಿಡಿದು, "ಉಸಿರು ಬಿಗಿ ಹಿಡೀರಿ, ಕೈ ಅಳ್ಳಾಡಬಾರದು," ಎಂದಳು. ನಲವತ್ತಾರು ಮಕ್ಕಳು ಉಸಿರು ಬಿಗಿ ಹಿಡಿದರು. ನಾನೂ ಹಿಡಿದೆ.