ನೀಲಿ ಹೊಗೆಯ ಜಾಡು ಹಿಡಿಯುವ ಹೊಗೆಯಕ್ಕ

ಬೆಳಗಿನ ಐದೂಮುಕ್ಕಾಲು. ತಗಡಿನ ಶೆಡ್ಡಿನಲ್ಲಿ ಹಳೇ ಕಾಲದ ಕಾರೊಂದು ತಣ್ಣಗೆ ನಿಂತಿದೆ. ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಅರವತ್ತೆರಡರ ಹೆಂಗಸು ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು, "ಹೂಂ, ಈಗ ಕೀ ತಿರುಗಿಸಿ" ಎನ್ನುತ್ತಾರೆ. ಎಂಜಿನ್ ಕೆಮ್ಮಿಕೊಂಡೇ ಎದ್ದೇಳುತ್ತದೆ. ಬುಸ್ಸೆಂದು ನೀಲಿ ಹೊಗೆ, ಬಟ್ಟೆಗೆ ಎಣ್ಣೆಯ ಕಲೆ. ನಿಮಿಷ ಕಳೆಯುವುದರೊಳಗೆ ಹೊಗೆ ಮಾಯ! ಹೆಂಗಸಿನ ಮುಖ ಅರಳುತ್ತದೆ.

ಮೆಕ್ಯಾನಿಕ್‌ಗಳೆಲ್ಲ ಇವರನ್ನು ಕರೆಯುವುದು ಹೊಗೆಯಕ್ಕ ಎಂದೇ. ನೀಲಿ ಹೊಗೆ ಎಂದರೆ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ನಿಗೆ ತೊಡಿಸಿದ ಲೋಹದ ಬಳೆ, ಸವೆದಿದ್ದರೆ ಎಂಜಿನ್ನನ್ನೇ ಬಿಚ್ಚಬೇಕು. ಮೇಲಿನ ವಾಲ್ವ್ ಸೀಲ್, ಅಂದರೆ ಬೆರಳ ತುದಿಯಷ್ಟಿರುವ ರಬ್ಬರ್ ಟೋಪಿ, ಹಾಳಾಗಿದ್ದರೆ ಒಂದೇ ದಿನದ ಕೆಲಸ. ಯಾವುದೆಂದು ಬಿಚ್ಚದೆಯೇ ಹೇಳುವುದು ಹೊಗೆಯಕ್ಕನ ಕಸುಬು. ವಾರಕ್ಕೆ ನಾಲ್ಕು ಕಾರುಗಳಾದರೂ ಇಲ್ಲಿಗೆ ಬರುತ್ತವೆ.

ಕೀ ತಿರುಗಿಸಿದವರು ಈ ಕಾರಿನ ಯಜಮಾನರು, ನಿವೃತ್ತ ಪೋಸ್ಟ್‌ಮಾಸ್ಟರ್. ರಿಂಗ್ ಹೋಗಿದೆ, ಹೊಸ ರಿಂಗ್ ಸಿಗುವುದಿಲ್ಲ ಎಂದು ಎರಡು ಗ್ಯಾರೇಜಿನವರು ಕೈಯೆತ್ತಿದ್ದಾರೆ. ಹತ್ತು ಗಂಟೆಗೆ ಗುಜರಿಯವನು ಬರಲಿದ್ದಾನೆ. "ನಮ್ಮನೆಯವಳು ನಂಗೆ ಡ್ರೈವಿಂಗ್ ಕಲಿಸಿದ್ದೇ ಇದರಲ್ಲಿ. ಗುಜರಿ ಅಂದಾಗಿಂದ ಮಾತು ಬಿಟ್ಟಿದ್ದಾಳೆ" ಎಂದು ಅವರು ಸಪ್ಪೆ ಮುಖ ಮಾಡುತ್ತಾರೆ.

ನಿನ್ನೆ ಮಧ್ಯಾಹ್ನ ಕಾರು ಬಂದಾಗ ಹೊಗೆಯಕ್ಕ ಬಾನೆಟ್ಟನ್ನೂ ಎತ್ತಲಿಲ್ಲ. "ಓಡಿಸ್ಕೊಂಡು ಬಂದ ಬಿಸಿ ಎಂಜಿನ್ ಬಾಯಿ ಬಿಡಲ್ಲ ಸ್ವಾಮಿ. ಒಂದು ರಾತ್ರಿ ಇಲ್ಲೇ ಮಲಗ್ಲಿ. ಸೀಲಿಂದ ಆಯಿಲ್ ತೊಟ್ಟಿಕ್ಕಿದ್ರೆ ಬೆಳಿಗ್ಗೆ ಮೊದಲ ಉಸಿರಲ್ಲೇ ಗೊತ್ತಾಗುತ್ತೆ." ಇದು ಕೈ ಸುಟ್ಟುಕೊಂಡು ಕಲಿತ ಪಾಠ. ಮೆಕ್ಯಾನಿಕ್ ಆಗಿದ್ದ ಗಂಡನ ಬೆನ್ನು ಕೈಕೊಟ್ಟ ಮೇಲೆ ಗ್ಯಾರೇಜಿಗಿಳಿದ ಹೊಸತರಲ್ಲಿ, ಬಿಸಿ ಎಂಜಿನ್ನಿನ ಹೊಗೆ ನಂಬಿ ಒಂದು ಕಾರನ್ನು ಪೂರ್ತಿ ಬಿಚ್ಚಿ ಹರವಿದ್ದರು. ರಿಂಗ್‌ಗಳು ಫಳಫಳ ಹೊಳೆಯುತ್ತಿದ್ದವು, ತಪ್ಪೆಲ್ಲ ಸೀಲಿನದು. "ಮೂರು ದಿನ ಅನ್ನ ಸೇರ್ಲಿಲ್ಲ" ಎನ್ನುತ್ತಾರೆ.

ಈಗ ಎರಡನೇ ಪರೀಕ್ಷೆ. ಹೊಗೆಯಕ್ಕ ರಸ್ತೆಯ ಏರಿನ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಪೋಸ್ಟ್‌ಮಾಸ್ಟರು ಕಾರು ಹತ್ತಿಸುತ್ತಾರೆ, ಹೊಗೆಯಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ ಕಾರನ್ನು ಇಳಿಸಿ, ಬುಡದಲ್ಲಿ ಮತ್ತೆ ಒತ್ತುತ್ತಾರೆ. ರಸ್ತೆಯಿಡೀ ನೀಲಿ!

"ರಿಂಗ್ ಹೋಗಿದ್ರೆ ಏರಲ್ಲಿ ಹೊಗೆ ಬರ್ಬೇಕಿತ್ತು. ಇದು ಸೀಲೇ. ಗುಜರಿಯವನಿಗೆ ಬರ್ಬೇಡ ಅಂತ ಫೋನ್ ಹಾಕಿ."

ಆಮೇಲಿನದನ್ನು ಕಣ್ಣಾರೆ ಕಂಡರೇ ನಂಬಿಕೆ. ಹೊಗೆಯಕ್ಕ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಕ್ಕೆ ನೂಲಿನ ಹಗ್ಗ ತುರುಕುತ್ತಾರೆ. ಎಂಜಿನ್ನನ್ನು ಕೈಯಿಂದಲೇ ತಿರುಗಿಸಿದಾಗ ಪಿಸ್ಟನ್ ಮೇಲೆದ್ದು ಹಗ್ಗವನ್ನು ಒತ್ತುತ್ತದೆ, ಮೇಲಿನ ಸ್ಪ್ರಿಂಗ್ ಬಿಚ್ಚಿದರೂ ವಾಲ್ವ್‌ಗಳು ಒಳಗೆ ಬೀಳದಂತೆ ಹಗ್ಗ ಎತ್ತಿ ಹಿಡಿಯುತ್ತದೆ. ಎಂಜಿನ್ನಿನ ತಲೆ ತೆಗೆಯದೆಯೇ ಸಂಜೆಯೊಳಗೆ ಎಂಟು ವಾಲ್ವ್‌ಗಳ ಟೋಪಿಗಳೂ ಹೊಸವು! ಒಂದು ತುಂಡು ಹಗ್ಗದಲ್ಲಿ ಇಷ್ಟು ವಿದ್ಯೆಯೇ ಎಂದು ಪೋಸ್ಟ್‌ಮಾಸ್ಟರು ಬಿಟ್ಟ ಬಾಯಿ ಮುಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ಅವರು ಹೆಂಡತಿಯನ್ನೂ ಕರೆತರುತ್ತಾರೆ. ಸ್ಟೇರಿಂಗ್ ಹಿಡಿಯುವವರು ಆಕೆಯೇ. ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ, ಹೊಗೆಯ ಸುಳಿವಿಲ್ಲ. "ನೀವೂ ಹತ್ತಿ, ಇನ್ನೇನ್ ನೋಡ್ತಿದ್ದೀರಿ?" ಎಂದು ಆಕೆ ಗಂಡನನ್ನು ಗದರುತ್ತಾರೆ. ಮಾತು ಮರಳಿದೆ. ಪೋಸ್ಟ್‌ಮಾಸ್ಟರ ಕಣ್ಣು ತುಂಬುತ್ತದೆ.

ಕಾರು ಏರು ಹತ್ತಿ ಮರೆಯಾಗುವವರೆಗೂ ಹೊಗೆಯಕ್ಕ ನೋಡುತ್ತಲೇ ಇರುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ನಾಚುತ್ತಾರೆ.

"ಒಂದ್ಸಲ ಮುಂದಿನ ಸೀಟಲ್ಲಿ ಕೂತು ಆ ಏರು ಹತ್ಬೇಕು. ಮೂವತ್ತು ವರ್ಷದಿಂದ ಎಲ್ಲಾ ಕಾರನ್ನೂ ಹಿಂದೆ ನಿಂತೇ ನೋಡಿದ್ದೀನಿ."